ರಫೀಕಿಯ ಮನೆಮಂದಿ

ಉಗಾಂಡದ ನ್ಕುರಿಂಗೊದಲ್ಲಿ ಕಾಡು ಕಾಲ ಕೆಳಗಿದೆ. ಊರು ದಿಬ್ಬದ ನೆತ್ತಿಯಲ್ಲಿ, ಬ್ವಿಂಡಿ ಕಾಡು ಕೆಳಗಿನ ಕಣಿವೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಅಂಚಿನಲ್ಲಿ ನಿಂತಾಗ ದಕ್ಷಿಣದ ದಿಕ್ಕಿನಲ್ಲಿ ಮುಹಾವುರ, ಗಹಿಂಗ, ಸಬಿನ್ಯೊ ಜ್ವಾಲಾಮುಖಿಗಳ ತುದಿಗಳು ಮೋಡದಿಂದಾಚೆ ಎದ್ದಿದ್ದವು. ಬೆಟ್ಟದ ಗೊರಿಲ್ಲಾಗಳಿಗೆ ಇಡೀ ಭೂಮಿಯ ಮೇಲೆ ಉಳಿದಿರುವ ನೆಲೆ ಎರಡೇ: ಆ ಜ್ವಾಲಾಮುಖಿಗಳ ವಿರುಂಗಾ ಸಾಲು, ಮತ್ತು ಈ ಬ್ವಿಂಡಿ. ಕಳೆದ ಗಣತಿಗಳಲ್ಲಿ ಎರಡೂ ಕಡೆ ಸೇರಿ ಸಿಕ್ಕಿದ್ದು 1,063. ಸಕಲೇಶಪುರದ ಒಂದು ಸಾಧಾರಣ ಊರಿನ ಜನಸಂಖ್ಯೆ ಅಷ್ಟು.

ಹಿಂದಿನ ದಿನ ರುವಾಂಡದ ಕಿಗಾಲಿಯಿಂದ ಹೊರಟು, ಚ್ಯಾನಿಕ ಗಡಿ ದಾಟಿ ಉಗಾಂಡಕ್ಕೆ ಬಂದಿದ್ದೆ. ಕಿಸೊರೊ ಪೇಟೆಯ ರಸ್ತೆ ಬದಿಯಲ್ಲಿ ಬಿಸಿ ಚಪಾತಿಯೊಳಗೆ ಮೊಟ್ಟೆ ಸುತ್ತಿ ಕೊಟ್ಟರು. ಅಲ್ಲಿಯೂ ಅದರ ಹೆಸರು ಚಪಾತಿಯೇ. ನಮ್ಮ ಕಡೆಯಿಂದ ಹೋದ ಜನ ಬಿಟ್ಟುಬಂದ ರುಚಿ.

ಬ್ವಿಂಡಿಯಲ್ಲಿ ಮನುಷ್ಯರಿಗೆ ಒಗ್ಗಿಸಿದ ಗೊರಿಲ್ಲಾ ಕುಟುಂಬಗಳು ಹಲವು. ಪ್ರವಾಸಿಗರಿಗೆ ಮೊದಲು ತೆರೆದದ್ದು 1993ರಲ್ಲಿ, ಬುಹೋಮದ ಮುಬಾರೆ ಕುಟುಂಬ. ನಾನು ಕೇಳಿಕೊಂಡು ಬಂದದ್ದು ನ್ಕುರಿಂಗೊ ಕುಟುಂಬವನ್ನು. ಕಾರಣ ರಫೀಕಿ.

ರಫೀಕಿ ಅಂದರೆ ಸ್ವಾಹಿಲಿಯಲ್ಲಿ ಗೆಳೆಯ. ಈ ಕುಟುಂಬದ ಯಜಮಾನನಾಗಿದ್ದ ಸಿಲ್ವರ್‌ಬ್ಯಾಕ್, ಅಂದರೆ ಬೆನ್ನಿನ ಕೂದಲು ಬೆಳ್ಳಿಯಾದ ಹಿರಿಯ ಗಂಡು. ಸುಮಾರು 25 ವರ್ಷ, ಹದಿನೇಳು ಜನರ ಸಂಸಾರ. 2020ರ ಜೂನ್‌ನಲ್ಲಿ, ಕೋವಿಡ್‌ನಿಂದ ಪ್ರವಾಸಿಗರು ನಿಂತುಹೋಗಿದ್ದಾಗ, ಸಣ್ಣಪುಟ್ಟ ಬೇಟೆಗೆಂದು ಕಾಡು ಹೊಕ್ಕವನೊಬ್ಬನಿಗೆ ಈ ಗುಂಪು ಎದುರಾಯಿತು. ಅವನ ಈಟಿ ರಫೀಕಿಯ ಹೊಟ್ಟೆಗೆ ಇಳಿಯಿತು. ಗೊರಿಲ್ಲಾ ಮೇಲೆ ಬಿದ್ದದ್ದರಿಂದ ಜೀವ ಉಳಿಸಿಕೊಳ್ಳಲು ಚುಚ್ಚಿದೆ ಎಂದನಂತೆ. ನ್ಯಾಯಾಲಯ 11 ವರ್ಷ ಶಿಕ್ಷೆ ವಿಧಿಸಿತು. ಆ ಸುದ್ದಿಯನ್ನು ನಮ್ಮ ಮನೆಯ ಜಗಲಿಯಲ್ಲಿ ಕೂತು ಓದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವರ್ಷಗಟ್ಟಲೆ ದಿನಾ ಹತ್ತಿರ ಹೋಗಿ ಕೂತು, ಮನುಷ್ಯರೆಂದರೆ ಭಯ ಬೇಡ ಎಂದು ಆ ಜೀವಕ್ಕೆ ಕಲಿಸಿದವರು ನಾವೇ ಅಲ್ಲವೇ ಎಂಬ ಸಂಕಟ ಅಂದಿನಿಂದಲೂ ಬಿಟ್ಟಿರಲಿಲ್ಲ. ಯಜಮಾನ ಸತ್ತರೆ ಗೊರಿಲ್ಲಾ ಸಂಸಾರ ಚೆದುರಬಹುದು; ಹೊರಗಿನ ಗಂಡು ನುಗ್ಗಿದರೆ ಮೊದಲು ಸಾಯುವವು ಎಳೆಯ ಮರಿಗಳು. ಉಳಿದವರು ಹೇಗಿದ್ದಾರೆ ಎಂದು ಒಮ್ಮೆ ನೋಡಬೇಕಿತ್ತು.

ಒಂದು ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಪರ್ಮಿಟ್ 800 ಡಾಲರ್; ನಾನು ಎರಡು ಕೊಯ್ಲು ಕೂಡಿಟ್ಟ ಕಾಫಿಯ ದುಡ್ಡು. ಹೊರಡುವ ಮುಂಚೆ ರೇಂಜರ್ ಎಲ್ಲರ ಮುಖ ನೋಡಿ, "ನೆಗಡಿ, ಕೆಮ್ಮು ಇದ್ದವರು ಈಗಲೇ ಹೇಳಿಬಿಡಿ" ಎಂದರು. ನಮಗೆ ಎರಡು ದಿನದ ನೆಗಡಿ, ಅವಕ್ಕೆ ಜೀವಕ್ಕೇ ಕುತ್ತು. ಹತ್ತು ಮೀಟರ್ ದೂರ, ಮೂಗು ಬಾಯಿಗೆ ಮಾಸ್ಕ್.

ಇಳಿಜಾರು ಮೊಣಕಾಲು ನಡುಗಿಸುವಂಥದ್ದು. ಕೆಸರು, ಜರಿಗಿಡ, ತುರಚೆ ಗಿಡ. ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ ಎಂದದ್ದು ಯಾಕೆಂದು ಸಾಲಿರುವೆಗಳ ದಂಡು ಕಂಡಾಗ ತಿಳಿಯಿತು. ನನ್ನ ಚೀಲ ಹೊತ್ತ ಊರಿನ ಹುಡುಗಿ ಜಾರುವ ಕಡೆಯೆಲ್ಲ ಕೈ ಕೊಟ್ಟಳು. ಅವಳ ತಾಯಿಯ ತೋಟಕ್ಕೆ ಈ ಕುಟುಂಬ ಬಂದುಹೋಗುತ್ತದಂತೆ. "ಹಣ್ಣಿಗಲ್ಲ, ದಿಂಡಿಗೆ" ಎಂದಳು. ಬಾಳೆಯ ಬುಡ ಸೀಳಿ ಒಳಗಿನ ದಿಂಡು ತಿನ್ನುತ್ತವೆ. ನಮ್ಮ ತೋಟದಲ್ಲಿ ಆನೆ ಮಾಡುವುದೂ ಅದನ್ನೇ, ನಮ್ಮಮ್ಮ ಪಲ್ಯ ಮಾಡುವುದೂ ಅದರಲ್ಲೇ ಎಂದಾಗ ಅವಳು ನಿಂತು ನಕ್ಕಳು. ತೋಟಕ್ಕೆ ಬಂದ ಗೊರಿಲ್ಲಾಗಳನ್ನು ನೋಯಿಸದೆ ಕಾಡಿಗೆ ಮರಳಿಸಲು ಊರವರದೇ ತಂಡವಿದೆ. ಆನೆ ಬಂದ ರಾತ್ರಿ ಪಟಾಕಿ ಹಿಡಿದು ಓಡುವ ನಮಗೆ ಆ ತಾಳ್ಮೆಯ ಬೆಲೆ ಗೊತ್ತು.

ಈ ಕಾಡು 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ, ಜೇನು ಬೇಟೆ ನಂಬಿ ಇಲ್ಲಿ ಬದುಕಿದ್ದ ಬಟ್ವ ಜನ ಹೊರಬಿದ್ದರು. ನಾಗರಹೊಳೆಯ ಅಂಚಿನ ಜೇನುಕುರುಬರ ಹಾಡಿಗಳನ್ನು ಕಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಗೊರಿಲ್ಲಾ ಉಳಿದದ್ದರ ಸಂತೋಷದೊಳಗೆ ಇದೊಂದು ಮುಳ್ಳು ನನ್ನನ್ನು ಚುಚ್ಚುತ್ತಲೇ ಇತ್ತು.

ಎರಡೂವರೆ ಗಂಟೆ ನಡೆದ ಮೇಲೆ ರೇಂಜರ್ ಕೈ ಎತ್ತಿದರು. ಬೆಳಿಗ್ಗೆಯೇ ಹೊರಟಿದ್ದ ಟ್ರ್ಯಾಕರ್‌ಗಳು ಅಲ್ಲಿ ಕಾದಿದ್ದರು. ಊರುಗೋಲು, ಚೀಲ ಎಲ್ಲ ಅಲ್ಲೇ. ಒಬ್ಬರು ಗಂಟಲಿನಾಳದಿಂದ "ಹ್ಮ್‌ಮ್‌..." ಎಂದು ಸದ್ದು ತೆಗೆದರು. ಪೊದೆಯೊಳಗಿಂದ ಅದೇ ಸದ್ದು ತಿರುಗಿ ಬಂತು. ಮನೆಯ ಹೊರಗೆ ನಿಂತು ಕೆಮ್ಮಿ, ಒಳಗಿನಿಂದ "ಬನ್ನಿ" ಅನ್ನಿಸಿಕೊಂಡ ಹಾಗೆ.

ಮೊದಲು ಕಂಡದ್ದು ಒಂದು ಕೈ. ಕಪ್ಪು ಬೆರಳು, ಸವೆದ ಉಗುರು. ಬಳ್ಳಿಯನ್ನು ಎಳೆದು, ಎಲೆಗಳನ್ನು ಮುಷ್ಟಿಯಲ್ಲಿ ಸವರಿ ಕಿತ್ತು, ಮಡಿಸಿ ಬಾಯಿಗಿಟ್ಟುಕೊಂಡಿತು. ವೀಳ್ಯದೆಲೆ ಮಡಿಸುವ ಅಜ್ಜಿಯ ಕೈ ನೆನಪಾಯಿತು. ತಾಯಿಯೊಂದು ಅಂಗಾತ ಮಲಗಿತ್ತು, ಹೊಟ್ಟೆಯ ಮೇಲೆ ಮರಿ. ಇನ್ನೆರಡು ಮರಿಗಳು ಒಂದರ ಮೇಲೊಂದು ಉರುಳಿ ಇಳಿಜಾರಿನಲ್ಲಿ ನಮ್ಮತ್ತಲೇ ಬಂದವು. ನಾವು ಹಿಂದೆ ಸರಿದೆವು. ಹತ್ತು ಮೀಟರ್ ಲೆಕ್ಕ ಅವಕ್ಕೆಲ್ಲಿ ಗೊತ್ತು?

ಯಜಮಾನ ನಮ್ಮತ್ತ ಬೆನ್ನು ಹಾಕಿ ಕೂತಿದ್ದ. ಆ ಬೆನ್ನು ಒಂದು ಬಾಗಿಲಿನಷ್ಟು ಅಗಲ. ರಫೀಕಿಯ ನಂತರ ಹೊರಗಿನವರು ಯಾರೂ ಈ ಮನೆ ಕಸಿದುಕೊಳ್ಳಲಿಲ್ಲ, ಗುಂಪಿನೊಳಗಿನ ಗಂಡೇ ಹೊಣೆ ಹೊತ್ತಿತು ಎಂದು ರೇಂಜರ್ ಪಿಸುಗುಟ್ಟಿದರು. ಮೂಗಿನ ಮೇಲಿನ ಸುಕ್ಕಿನ ಗೆರೆಗಳನ್ನು ನೋಡಿಯೇ ಒಂದೊಂದನ್ನೂ ಗುರುತಿಸುತ್ತಾರೆ. ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕೆ ಹೋಲುವುದಿಲ್ಲ. ಅವನು ಒಮ್ಮೆ ತಿರುಗಿ ನೋಡಿದ. ಕಂದು ಕಣ್ಣು. ಕ್ಯಾಮೆರಾ ಎತ್ತಲು ಮನಸ್ಸಾಗಲಿಲ್ಲ. ಎಂಟು ಮಂದಿ ಅಪರಿಚಿತರ ಮುಂದೆ ಇಷ್ಟು ನಿಶ್ಚಿಂತೆಯಿಂದ ಬೆನ್ನು ತಿರುಗಿಸಿ ಮತ್ತೆ ಊಟಕ್ಕೆ ಕೂತನಲ್ಲ! ಆ ನಂಬಿಕೆಯನ್ನು ಕಂಡು ಗಂಟಲು ಕಟ್ಟಿತು.

ಒಂದು ಗಂಟೆ ಮುಗಿಯಿತು ಎಂದರು. ವಾಪಸಿನ ಏರಿನಲ್ಲಿ ಮಳೆ. ಸ್ವಲ್ಪ ದೂರದಲ್ಲಿ ಟ್ರ್ಯಾಕರ್ ಒಬ್ಬರು ನೆಲದ ಮೇಲಿನ ಎಲೆಯ ಮೆತ್ತೆಗಳನ್ನು ತೋರಿಸಿದರು: ನಿನ್ನೆ ರಾತ್ರಿಯ ಹಾಸಿಗೆಗಳು. ಗೊರಿಲ್ಲಾ ದಿನಾ ಸಂಜೆ ಹೊಸ ಗೂಡು ಕಟ್ಟಿಕೊಳ್ಳುತ್ತದೆ, ಹಳೆಯದರಲ್ಲಿ ಮಲಗುವುದಿಲ್ಲ. ಹಾಲು ಕುಡಿಯುವ ಮರಿಗೆ ಮಾತ್ರ ತಾಯಿಯ ಗೂಡೇ ಗೂಡು. ಬೆಳಿಗ್ಗೆ ಇವುಗಳನ್ನು ಎಣಿಸಿ, ಇಲ್ಲಿಂದಲೇ ಜಾಡು ಹಿಡಿಯುತ್ತಾರೆ.

"ಇವತ್ತು ಎಲ್ಲ ಸರಿಯಿತ್ತೇ?" ಎಂದೆ.

"ಎಲ್ಲ ಇದ್ದಾರೆ" ಎಂದರು.