ಗೋಲಿ ಬಾಟಲಿ: ಆರನೇ ವಾರದ ಲೆಕ್ಕ

ಒಟ್ಟು 143 ಗೋಲಿ. ಒಂದೊಂದೂ ಯಾವ ಕಾಲದ್ದು, ಎಲ್ಲಿ ಮಾಡಿದ್ದು ಅಂತ ಹುಡುಕುತ್ತಾ ಇವತ್ತಿಗೆ 96 ನೋಡಿ ಮುಗಿಸಿದ್ದೇನೆ. ಇಲ್ಲಿ ಅಮೆರಿಕದ ಓಹಾಯೊದಲ್ಲಿ ಪಕ್ಕದ ಮನೆ ಅಜ್ಜಿ ಮನೆ ಖಾಲಿ ಮಾಡುವಾಗ, ಒಂದು ಉಪ್ಪಿನಕಾಯಿ ಬಾಟಲಿ ತುಂಬ ಇವನ್ನು ಕೈಗಿಟ್ಟು ಹೋಗಿದ್ದರು.

ಮೊದಲ ವಾರ ಬಣ್ಣ ನೋಡಿ ಬೇರೆ ಮಾಡಿದೆ. ಅದರಿಂದ ಏನೂ ಗೊತ್ತಾಗಲಿಲ್ಲ. ಈಗ ಎಲ್ಲಕ್ಕಿಂತ ಮೊದಲು ನೋಡುವುದು ತುದಿ. ಗುಂಡಗಿರುವ ಗೋಲಿಗೆ ಎಲ್ಲಿಯ ತುದಿ ಅಂತ ನನಗೂ ಅನಿಸಿತ್ತು. ಆದರೆ ಹಳೆಯ ಗೋಲಿಯ ಗುಟ್ಟೆಲ್ಲ ಅಲ್ಲೇ ಇದೆ.

ಬುಧವಾರ ರಾತ್ರಿ ಸಿಕ್ಕಿದ್ದನ್ನೇ ನೋಡಿ. ವರ್ನಿಯರ್ ಅಳತೆಕೋಲಿನಲ್ಲಿ ಅಡ್ಡಳತೆ 22 ಮಿ.ಮೀ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದೆ. ಒಳಗೆ ನಡುವೆ ಬಿಳಿ ಎಳೆಗಳು ಮೀನಿನ ಬಲೆಯ ಹಾಗೆ ಹೆಣೆದುಕೊಂಡಿವೆ. ಅದರ ಹೊರಗೆ, ಮೇಲ್ಮೈಗೆ ಹತ್ತಿರದಲ್ಲಿ, ಕೆಂಪು ಮತ್ತು ನೀಲಿ ಪಟ್ಟಿಗಳು ಸುತ್ತಿವೆ. ಎಳೆಗಳೆಲ್ಲ ಒಂದೆಡೆ ಸೇರುವ ಕಡೆ ಉಗುರು ಆಡಿಸಿದೆ. ಟಕ್ ಅಂತ ಸಿಕ್ಕಿಕೊಂಡಿತು. ಸಣ್ಣ ಒರಟು ಗಾಯ. ಆ ಕಡೆ ತಿರುಗಿಸಿದರೆ ಅಲ್ಲೂ ಒಂದು. ಅರ್ಧ ಗಂಟೆ ಅದನ್ನು ಕೆಳಗಿಡಲೇ ಆಗಲಿಲ್ಲ.

ಜರ್ಮನಿಯ ಲೌಷಾ ಊರಿನಲ್ಲಿ ಹೀಗೆ ಮಾಡುತ್ತಿದ್ದರು. ಬಣ್ಣದ ಎಳೆಗಳಿರುವ ಬಿಸಿ ಗಾಜಿನ ಕೋಲನ್ನು ತಿರುಚಿ, ತುದಿಯಲ್ಲಿ ಬಟ್ಟಲಿರುವ ಒಂದು ಕತ್ತರಿಯಲ್ಲಿ ಒಂದೊಂದೇ ಗೋಲಿಯಾಗಿ ಕತ್ತರಿಸುತ್ತಿದ್ದರು. ಆ ಕತ್ತರಿ ಬಂದಿದ್ದು 1840ರ ದಶಕದಲ್ಲಿ. ಎರಡು ತುದಿಯ ಗಾಯ ಅಂದರೆ ಆ ಕೋಲಿನಿಂದ ಬೇರೆಯಾದ ಜಾಗ. ಒಬ್ಬ ಮನುಷ್ಯನ ಕೈ ಗುರುತು ಅದು.

ಇದು ಗೊತ್ತಿಲ್ಲದೆ ಮೂರನೇ ವಾರ ಒಬ್ಬರ ಹತ್ತಿರ "ಹಳೆ ಜರ್ಮನ್" ಅಂತ ಒಂದನ್ನು ದುಡ್ಡು ಕೊಟ್ಟು ತಂದಿದ್ದೆ. ಬುಧವಾರ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದರ ತುದಿಗಳು ಕನ್ನಡಿಯಷ್ಟು ನುಣುಪು. ಯಾರೋ ಚೆನ್ನಾಗಿ ಕಾಣಲಿ ಅಂತ ಉಜ್ಜಿ ಪಾಲಿಶ್ ಮಾಡಿದ್ದಾರೆ. ಗೋಲಿ ಹಳೆಯದೇ ಇರಬಹುದು, ಆದರೆ ಗುರುತೇ ಹೋಗಿದೆ. ಬೆಲೆಯೂ ಹೋದ ಹಾಗೆ. ದಯವಿಟ್ಟು ಹಳೆ ಗೋಲಿಗೆ ಪಾಲಿಶ್ ಹಾಕಬೇಡಿ. ಉಗುರುಬೆಚ್ಚಗಿನ ಸೋಪಿನ ನೀರು ಸಾಕು.

ನಾಲ್ಕು ಗೋಲಿಗಳಲ್ಲಿ ಒಂದು ಕಡೆ ಬಿಳಿ ಎಳೆ 9ರ ಹಾಗೆ ಸುತ್ತಿಕೊಂಡಿದೆ, ಎದುರು ಕಡೆ ಕತ್ತರಿಸಿದ ಗೆರೆ. ಇವು ಅರ್ಧ ಕೈ, ಅರ್ಧ ಮಷಿನ್. ಇಲ್ಲೇ ಓಹಾಯೊದ ಆಕ್ರನ್ ಊರಿನ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಪೇಟೆಂಟ್ ಪಡೆದ ಮಷಿನ್ ಉರುಳಿಸುವ ಕೆಲಸ ಮಾತ್ರ ಮಾಡುತ್ತಿತ್ತು. ಗಾಜು ಎತ್ತಿ ಸುರಿಯುವುದು ಕೈಯಲ್ಲೇ. ಆಮೇಲಿನ ಹನ್ನೊಂದರಲ್ಲಿ ಬಣ್ಣದ ಪಟ್ಟಿ ಒಂದನ್ನೊಂದು ದಾಟದೆ ತುದಿಯಿಂದ ತುದಿಗೆ ಸ್ಕ್ರೂ ಹಾಗೆ ಸುತ್ತಿದೆ. ಆಕ್ರೊ ಅಗೇಟ್ ಕಂಪನಿಯದು ಅನ್ನಲು ಅಷ್ಟು ಸಾಕು. ಗೋಲಿ ಹೊತ್ತು ಹಾರುವ ಕಾಗೆ ಅವರ ಗುರುತಾಗಿತ್ತು. 1951ರಲ್ಲಿ ಮುಚ್ಚಿತು.

ಇನ್ನು 58 ಬೆಕ್ಕಿನ ಕಣ್ಣು. ತಿಳಿ ಗಾಜಿನೊಳಗೆ ಬಣ್ಣದ ಎಸಳು, ನಾವು ಹಾಸನದಲ್ಲಿ ಆಡುತ್ತಿದ್ದಂಥವೇ. 1950ರ ದಶಕದಲ್ಲಿ ಇವು ಜಪಾನಿನಿಂದ ಅಮೆರಿಕಕ್ಕೆ ರಾಶಿ ರಾಶಿ ಬಂದವು. ಬೆಲೆ ಕಮ್ಮಿ. ಆದರೂ ಒಂದನ್ನು ಮೇಜಿನ ಮೇಲೆ ಬೇರೆ ಇಟ್ಟಿದ್ದೇನೆ, ನೋಡಿದಾಗೆಲ್ಲ ಬೆರಳು ತಾನಾಗಿ ಮಡಚುತ್ತೆ.

22 ಮಷಿನ್ ಗೋಲಿಗಳ ಕಂಪನಿ ಇನ್ನೂ ಸಿಕ್ಕಿಲ್ಲ. ನೋಡದೆ ಉಳಿದ 47ರಲ್ಲಿ ಹದಿನಾರು ಹಸಿರು. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಂದಿದೆ. ಯುರೇನಿಯಂ ಬೆರೆಸಿದ ಗಾಜಾದರೆ ಕತ್ತಲಲ್ಲಿ ಆ ಬೆಳಕು ಬಿದ್ದಾಗ ಹಸಿರಾಗಿ ಹೊಳೆಯುತ್ತೆ. ಅದರಿಂದ ವಯಸ್ಸು ಗೊತ್ತಾಗಲ್ಲ ಅಂತ ಗೊತ್ತು, ಆದರೂ ಶನಿವಾರ ಮೊದಲು ಅವನ್ನೇ ನೋಡುವುದು.