ಇನ್ನೊಂದು ಕಾಲು

9 ನವೆಂಬರ್ 2023, ಗುರುವಾರ, ರಾತ್ರಿ

ಅಮ್ಮ ಎಡಗಾಲಿನ ಆಪರೇಷನ್ ಬೇಡವೇ ಬೇಡ ಅಂತ ಕೂತಿದ್ದಾಳೆ. ಬಲಗಾಲಿನ ಉಬ್ಬಿದ ನರಗಳಿಗೆ ಲೇಸರ್ ಮಾಡಿಸಿ ಎರಡು ತಿಂಗಳಾಯಿತು. "ಒಂದಕ್ಕೆ ಪಟ್ಟ ಪಾಡು ಸಾಕು ಕಣೋ, ಇದು ಹೀಗೇ ಇರಲಿ ಬಿಡು" ಅಂದಳು.

ನನಗೆ ತಟ್ಟನೆ ಮಾರಿಯಸ್ ನೆನಪಾದ. ರೋಮ್‌ನ ಹಳೆಯ ಕಾಲದ ಸೇನಾಪತಿ ಗೈಯಸ್ ಮಾರಿಯಸ್. ಅವನಿಗೂ ಎರಡೂ ಕಾಲಲ್ಲಿ ಇದೇ ಕಾಯಿಲೆ. ಅರಿವಳಿಕೆ ಇಲ್ಲದ ಕಾಲ. ನನ್ನನ್ನು ಕಟ್ಟಿಹಾಕಬೇಡಿ ಅಂದನಂತೆ. ಅಲ್ಲಾಡದೆ, ತುಟಿ ಪಿಟಕ್ಕೆನ್ನದೆ ಒಂದು ಕಾಲಿನ ನರಗಳನ್ನು ಕೊಯ್ಯಿಸಿಕೊಂಡ. ಇನ್ನೊಂದನ್ನು ಮಾತ್ರ ಕೊಡಲಿಲ್ಲ. ಇಷ್ಟು ನೋವು ತಿಂದು ಗುಣವಾಗಬೇಕಾಗಿಲ್ಲ ಅಂದುಬಿಟ್ಟ. ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ.

ಅಮ್ಮನಿಗೆ ತುಂಬ ಖುಷಿಯಾಯಿತು. "ಜಾಣ. ಆಮೇಲೆ ಏನಾದ?"

ಹೇಳಿದೆ. ಅರ್ಪಿನಮ್ ಕಡೆಯ ಹಳ್ಳಿಯಲ್ಲಿ ಬೆಳೆದವನು. ಮನೆತನದಲ್ಲಿ ಅವನಿಗಿಂತ ಮೊದಲು ಯಾರೂ ಕಾನ್ಸಲ್, ಅಂದರೆ ವರ್ಷಕ್ಕೊಮ್ಮೆ ಆರಿಸುವ ರೋಮ್‌ನ ಅತಿ ದೊಡ್ಡ ಅಧಿಕಾರಿ, ಆದವರಿಲ್ಲ. ಕ್ರಿ.ಪೂ. 107ರಲ್ಲಿ ಆದ. ತುಂಡು ಜಮೀನಿಲ್ಲದ ಬಡವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ಅವರ ಜೊತೆ ಅದೇ ರೊಟ್ಟಿ ತಿಂದ, ಕಂದಕ ತೋಡಲು ತಾನೂ ಕೈ ಹಾಕಿದ. ಉತ್ತರದಿಂದ ಸಿಂಬ್ರಿ, ಟ್ಯೂಟನ್ ಜನ ನುಗ್ಗಿದಾಗ ರೋಮ್ ನಡುಗಿತ್ತು. 102 ಮತ್ತು 101ರಲ್ಲಿ ಇಬ್ಬರನ್ನೂ ಸೋಲಿಸಿದ. 104ರಿಂದ 100ರವರೆಗೆ ಸತತ ಐದು ವರ್ಷ ಅವನೇ ಕಾನ್ಸಲ್. ಒಟ್ಟು ಆರು ಸಲ.

"ಅಷ್ಟಕ್ಕೇ ಸಾಕಿತ್ತು ಅಲ್ವಾ?" ಅಂದಳು ಅಮ್ಮ.

ಸಾಕಿತ್ತು. ಆದರೆ ಚಿಕ್ಕವನಿದ್ದಾಗ ಹದ್ದಿನ ಗೂಡೊಂದು ಮೇಲಿಂದ ಬಿದ್ದು, ಅವನು ಅದನ್ನು ಹೊದಿಕೆಯಲ್ಲಿ ಹಿಡಿದನಂತೆ. ಒಳಗೆ ಏಳು ಮರಿ. ಏಳು ಸಲ ದೊಡ್ಡ ಅಧಿಕಾರ ಸಿಗುತ್ತೆ ಅಂತ ಶಕುನದವರು ಹೇಳಿದ್ದರು. ಇದನ್ನು ಹೇಳಿದ ಮೇಲೆ ಅಮ್ಮ ಸುಮ್ಮನಾದಳು.

ನನ್ನನ್ನು ಕಾಡುವುದು ಎಪ್ಪತ್ತರ ಹತ್ತಿರದ ಮಾರಿಯಸ್. ಪೂರ್ವದ ಪಾಂಟಸ್ ರಾಜ ಮಿಥ್ರಿಡೇಟಿಸ್ ಮೇಲಿನ ಯುದ್ಧಕ್ಕೆ ತಾನೇ ಹೋಗಬೇಕು ಅಂತ ದಿನಾ ಮಾರ್ಸ್ ಬಯಲಿಗೆ ಬಂದು ಹುಡುಗರ ಜೊತೆ ಕಸರತ್ತು ಮಾಡುತ್ತಿದ್ದ. ಭಾರವಾದ ಮೈ. ಕೆಲವರು ಮೆಚ್ಚಿದರು, ತಿಳಿದವರು ಮರುಗಿದರು. ಅದನ್ನು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತೆ. ಆ ಯುದ್ಧದ ಹೊಣೆಯನ್ನು ಅವನ ಎದುರಾಳಿ ಸೇನಾಪತಿ ಸುಲ್ಲಾನಿಂದ ಕಿತ್ತು ಅವನಿಗೆ ಕೊಟ್ಟರು. ಸುಲ್ಲಾ ಸೈನ್ಯ ತಿರುಗಿಸಿ ರೋಮ್ ಮೇಲೇ ಬಂದ. ಮುದುಕ ಓಡಿದ. ಮಿಂಟುರ್ನೆ ಊರಿನ ಹತ್ತಿರದ ಜೌಗಿನಲ್ಲಿ ಅಡಗಿದವನನ್ನು ಬರಿಮೈಯಲ್ಲಿ, ಮೈಯೆಲ್ಲ ಕೆಸರಾಗಿದ್ದಾಗ ಎಳೆದು ತಂದರು.

ಹೇಗೋ ಪಾರಾಗಿ 87ರಲ್ಲಿ ವಾಪಸ್ ಬಂದಾಗ ಅವನು ಬೇರೆಯೇ ಮನುಷ್ಯ. ಬೀದಿಯಲ್ಲಿ ನಮಸ್ಕರಿಸಿದವರಿಗೆ ಅವನು ತಿರುಗಿ ಮಾತಾಡದಿದ್ದರೆ ಅಂಗರಕ್ಷಕರು ಅಲ್ಲೇ ಕೊಂದರಂತೆ. ಇದನ್ನು ನಾನು ಅವನಿಗೆ ಕ್ಷಮಿಸಲಾರೆ. ಏಳನೆಯ ಸಲ ಕಾನ್ಸಲ್ ಆದ. ಮೂರು ವಾರ ತುಂಬುವ ಮೊದಲೇ ಸತ್ತ.

ಕೊನೆಯಲ್ಲಿ ಜ್ವರದ ಭ್ರಮೆಯಲ್ಲಿ ಮಿಥ್ರಿಡೇಟಿಸ್ ಜೊತೆ ಯುದ್ಧ ಮಾಡುತ್ತಿದ್ದನಂತೆ. ಮಲಗಿದಲ್ಲೇ ಕೈಕಾಲು ಆಡಿಸುತ್ತ, ಕೂಗುತ್ತ. ಅಮ್ಮನಿಗೆ ಇದನ್ನು ಹೇಳಲಿಲ್ಲ. ಕಾಲಡಿ ದಿಂಬಿಟ್ಟುಕೊಂಡು ಆಗಲೇ ನಿದ್ದೆ ಹೋಗಿದ್ದಳು. ಶನಿವಾರ ಡಾಕ್ಟರನ್ನು ಕಂಡು ಎಡಗಾಲಿನ ವಿಷಯ ಏನಂತ ಹೇಳಲಿ, ಅವಳೇ ಬೇಡ ಅಂದ ಮೇಲೆ ನಾನು ಮತ್ತೆ...