ಹನ್ನೆರಡು ವರ್ಷದ ಹೆಡ್ಡಿಂಗು

2018ರ ಅಕ್ಟೋಬರ್ 8. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 1.5 ಡಿಗ್ರಿ ವರದಿ ಬಂದ ದಿನ. ಸುದ್ದಿ ಏಜೆನ್ಸಿಯ ಕಾಪಿ ಹಗಲಲ್ಲೇ ಬಂದು ಬಿದ್ದಿತ್ತು. ಹವಾಮಾನದ ಸುದ್ದಿ ತಾನೇ, ಆಮೇಲೆ ನೋಡಿದರಾಯಿತು ಎಂದು ಒಳಪುಟಕ್ಕೆ ತಳ್ಳಿದ್ದೆ. ರಾತ್ರಿ ಹನ್ನೊಂದಕ್ಕೆ ಸಂಪಾದಕರು ಅದನ್ನು ಮುಖಪುಟಕ್ಕೆ ತನ್ನಿ ಅಂದರು. ಪೇಜ್ ಬಿಡಲು ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಜಾಹೀರಾತಿನವರು ಅರ್ಧ ಪುಟ ನುಂಗಿದರು. ಅವರದು ಯಾವತ್ತೂ ಇದೇ ಕಥೆ, ಬಿಡಿ.

ಕಾಪಿ ಹದಿನಾಲ್ಕು ಸಾಲು ಜಾಸ್ತಿ. ಓದದೆ ಬಾಲ ಕತ್ತರಿಸಿದೆ. ಹವಳದ ಪ್ಯಾರಾ ಇದ್ದದ್ದು ಆ ಬಾಲದಲ್ಲೇ. ಭೂಮಿಯ ಸರಾಸರಿ ತಾಪ ಕೈಗಾರಿಕೆಗಳು ಬರುವ ಮುಂಚಿನದಕ್ಕಿಂತ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳು ಶೇ 70ರಿಂದ 90ರಷ್ಟು ನಶಿಸುತ್ತವೆ, 2 ಡಿಗ್ರಿ ಏರಿದರೆ ಶೇ 99ಕ್ಕೂ ಹೆಚ್ಚು. ಅರ್ಧ ಡಿಗ್ರಿಗೆ ಇಷ್ಟು ವ್ಯತ್ಯಾಸ ಎಂಬುದೇ ವರದಿಯ ಜೀವ. ಅದೇ ಹೋಯಿತು.

ಹೆಡ್ಡಿಂಗಿಗೆ ಬರೆದದ್ದು ಯಾವುದೂ ನಾಲ್ಕು ಕಾಲಂನಲ್ಲಿ ಕೂರುತ್ತಿಲ್ಲ. ‘ಶೇ 45’ ಸೇರಿಸಿದರೆ ‘2030’ ಹೊರಗೆ, ‘2030’ ಸೇರಿಸಿದರೆ ‘ಇಂಗಾಲ’ ಹೊರಗೆ. ಚೀಫ್ ಸಬ್ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಕೊನೆಗೆ ‘ಭೂಮಿಗೆ ಇನ್ನು ಹನ್ನೆರಡೇ ವರ್ಷ!’ ಎಂದು ಹೊಡೆದೆ. ಅಳತೆಗೆ ಹೊಲಿದ ಹಾಗೆ ಕೂತಿತು.

ಪಕ್ಕದಲ್ಲಿದ್ದ ಟ್ರೈನಿ ಹುಡುಗಿ ಕೇಳಿದಳು, “ಸರ್, ಹನ್ನೆರಡು ವರ್ಷ ಆದ್ಮೇಲೆ ಏನಾಗುತ್ತೆ?”

“ಮೊದಲು ಪೇಜ್ ಹೋಗಲಿ ಮಾರಾಯ್ತಿ.”

ಹತ್ತು ಸೆಕೆಂಡು ಯೋಚಿಸಿದ್ದರೆ ಉತ್ತರ ನನಗೇ ಗೊತ್ತಿಲ್ಲ ಎಂದು ತಿಳಿಯುತ್ತಿತ್ತು. ವರದಿ ಹೇಳಿದ್ದು ಬೇರೆ. ತಾಪದ ಏರಿಕೆ 1.5 ಡಿಗ್ರಿ ದಾಟಬಾರದು ಅಂದರೆ, ಇಂಗಾಲದ ಡೈಆಕ್ಸೈಡ್ ಹೊರಸೂಸುವುದು 2030ರ ಹೊತ್ತಿಗೆ 2010ರ ಮಟ್ಟಕ್ಕಿಂತ ಸುಮಾರು ಶೇ 45ರಷ್ಟು ಇಳಿಯಬೇಕು, 2050ರ ಸುಮಾರಿಗೆ ನಿವ್ವಳ ಸೊನ್ನೆಗೆ, ಅಂದರೆ ಹೊರಬಿಟ್ಟಷ್ಟನ್ನು ವಾಪಸ್ ತೆಗೆಯುವ ಮಟ್ಟಕ್ಕೆ, ಬರಬೇಕು. 2030ಕ್ಕೆ ಭೂಮಿಯ ಕಥೆ ಮುಗಿಯಿತು ಎಂದು ಎಲ್ಲೂ ಇಲ್ಲ. ‘12 ವರ್ಷ’ ಎಂದು ಬರೆದ ಪತ್ರಿಕೆ ನಮ್ಮದೊಂದೇ ಅಲ್ಲ, ನಿಜ. ಹಾಗಂತ ಸಮಾಧಾನವೇನೂ ಆಗಲಿಲ್ಲ.

ಬೆಳಗಿನ ಮೀಟಿಂಗಿನಲ್ಲಿ “ಪಂಚ್ ಇದೆ” ಎಂದು ಹೊಗಳಿದರು. ನಾನೂ ಉಬ್ಬಿದೆ. ಮಧ್ಯಾಹ್ನ ಓದುಗರೊಬ್ಬರ ಫೋನು, ವಯಸ್ಸಾದ ದನಿ. “ಹನ್ನೆರಡೇ ವರ್ಷ ಅಂದ್ಮೇಲೆ ಇನ್ನೇನು ಸ್ವಾಮಿ, ಆಗೋದು ಆಗಲಿ ಬಿಡಿ” ಅಂದರು. ಹೆದರಿಸಿದರೆ ಜನ ಎಚ್ಚೆತ್ತುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಇವರು ಆರಾಮಾಗಿ ಕೈಚೆಲ್ಲಿ ಕೂತಿದ್ದರು! ತಿದ್ದುಪಡಿ ಹಾಕೋಣ ಎಂದು ಕೇಳಿದೆ. “ತಪ್ಪೇನಿದೆ? ವರದಿಯಲ್ಲಿ 2030 ಅಂತ ಇದೆಯಲ್ಲ” ಎಂದು ಮೇಲಿನವರು ಕೈತೊಳೆದುಕೊಂಡರು.

ಆಮೇಲಿಂದ ವಿಜ್ಞಾನದ ಕಾಪಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಹೆಡ್ಡಿಂಗಿನಲ್ಲಿ ಇಸವಿ ಇದ್ದರೆ, ಆ ಇಸವಿಗೆ ಏನಾಗಬೇಕು ಅನ್ನೋದು ಇಂಟ್ರೋದಲ್ಲಿ, ಅಂದರೆ ಸುದ್ದಿಯ ಮೊದಲ ಪ್ಯಾರಾದಲ್ಲಿ, ಇರಲೇಬೇಕು. ಡೆಸ್ಕಿನ ಹುಡುಗರು ಇದಕ್ಕೆ ನನ್ನನ್ನು ಆಡಿಕೊಳ್ಳುತ್ತಾರೆ. ಹೊಸ ಸಾಫ್ಟ್‌ವೇರ್ ಬೇರೆ ಬಂದಿದೆ. ಒಂದಕ್ಷರ ಜಾಸ್ತಿಯಾದರೆ ಬಾಕ್ಸ್ ಕೆಂಪಾಗುತ್ತದೆ. ಅರ್ಥ ಕೆಟ್ಟರೆ ಸುಮ್ನೆ ಇರುತ್ತದೆ.

ಆ ಹಿರಿಯರು ಮಾತ್ರ ಪ್ರತಿ ಜನವರಿ ಒಂದಕ್ಕೆ ಫೋನ್ ಮಾಡುತ್ತಾರೆ. “ಇನ್ನು ಎಷ್ಟು ಉಳೀತು ಸ್ವಾಮಿ?” ಹನ್ನೊಂದು, ಹತ್ತು, ಒಂಬತ್ತು ಎಂದು ಲೆಕ್ಕವನ್ನೂ ಅವರೇ ಹೇಳುತ್ತಾರೆ. ಪ್ರತಿ ಸಲ ನಾನು ಆ ಹವಳದ ಪ್ಯಾರಾದಿಂದ ಶುರು ಮಾಡುತ್ತೇನೆ.